ಆವಾಗ ನಾವೆಲ್ಲಿ ಕುಂದರೂದು?

2025ರ ಮೇ ತಿಂಗಳ ಮೊದಲ ವಾರ. ಜಮಖಂಡಿಯ ಒಂದು ಚಹಾದಂಗಡಿಯಲ್ಲಿ ಕುಳಿತಿದ್ದೆವು. ಟಿ.ವಿ.ಯಲ್ಲಿ ಯುದ್ಧದ ಮಾತು. ಮೇ 7ರಂದು ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆ ನಡೆಯುತ್ತದೆ, ಸೈರನ್ ಊದುತ್ತಾರೆ, ದೀಪ ಆರಿಸಬೇಕು ಎಂದು ಓದುತ್ತಿದ್ದರು. ಗಲ್ಲೆಯ ಹತ್ತಿರ ನಿಂತಿದ್ದ ಒಬ್ಬ ತರುಣ ಕಪ್ಪು ಕೆಳಗಿಟ್ಟು, ‘ಇಷ್ಟೆಲ್ಲ ಯಾಕ್ರೀ? ಒಂದs ಒಂದ್ ಅಣುಬಾಂಬ್ ಒಗದು ಬಿಡಬೇಕು, ಕಿಸ್ಸಾ ಖತಮ್’ ಅಂದ. ಮೂಲೆಯಲ್ಲಿ ಬನಹಟ್ಟಿಯ ಕಡೆಯ ಒಬ್ಬ ಮುದುಕ ನೇಕಾರ ಕುಳಿತಿದ್ದ. ಅವನು ತಲೆಯೆತ್ತಿ ಕೇಳಿದ: ‘ಒಗೀಪಾ, ಬ್ಯಾಡ ಅನ್ನೂದಿಲ್ಲ. ಆದ್ರ ಅವರೂ ಒಂದ್ ಒಗದ್ರು ಅಂತ ಇಟ್ಕೋ. ಆವಾಗ ನಾವೆಲ್ಲಿ ಕುಂದರೂದು?’

‘ಸೀದಾ ಮ್ಯಾಲ ಹೋಗೂದು ಕಾಕಾ’ ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಮುದುಕನೂ ನಕ್ಕ. ಆಮೇಲೆ ಒಂದಿಬ್ಬರು ನಮ್ಮ ಕಡೆ ನೋಡಿದರು. ನಾವು ಏನನ್ನಾದರೂ ಹೇಳುತ್ತೇವೆಯೋ ಎಂದು ಕಾಯುವ ನೋಟ ಅದು. ನಾವು ಹೇಳಲಿಲ್ಲ. ಚಹಾದ ದುಡ್ಡು ಕೊಟ್ಟು ಎದ್ದು ಬಂದೆವು.

ಯಾಕೆ ಹೇಳಲಿಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡುಬಿಡೋಣ. ನಮ್ಮಂಥ ಹೆಸರಿನವರು ಯುದ್ಧದ ದಿನಗಳಲ್ಲಿ ಬಾಂಬಿನ ಬಗ್ಗೆ ಕೇಳುವ ಯಾವ ಪ್ರಶ್ನೆಯೂ ‘ಆ ಕಡೆಯವರ’ ಪ್ರಶ್ನೆಯಾಗಿ ಕೇಳಿಸುತ್ತದೆ. ಇದು ನಮಗೆ ಗೊತ್ತು, ಕೇಳುವವರಿಗೂ ಗೊತ್ತು. ಆದ್ದರಿಂದ ಸುಮ್ಮನಿರುವುದನ್ನು ನಾವು ಕಲಿತಿದ್ದೇವೆ. ಆದರೆ ಮುದುಕನ ಪ್ರಶ್ನೆ ಆ ಕಡೆಯದೂ ಅಲ್ಲ, ಈ ಕಡೆಯದೂ ಅಲ್ಲ. ಅದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಪ್ರತಿ ಓಣಿಯದು. ಬಾಂಬಿನ ಧೂಳು ಹೆಸರು ಕೇಳಿ ಬೀಳುವುದಿಲ್ಲ. ಅಂದು ಅಂಗಡಿಯಲ್ಲಿ ಕೊಡದೆ ಬಂದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇವೆ.

‘ಸೀದಾ ಮ್ಯಾಲ’ ಎಂಬ ಆ ನಗೆಯ ಮೇಲೆಯೇ ನಮ್ಮ ಮೊದಲ ತಕರಾರು. ಬಾಂಬು ಬಿದ್ದರೆ ಎಲ್ಲರೂ ಸಾಯುತ್ತೇವೆ, ಇನ್ನು ಕಲಿಯುವುದೇನಿದೆ ಎನ್ನುವುದು ವೈರಾಗ್ಯದಂತೆ ಕಂಡರೂ ಅದರೊಳಗಿರುವುದು ಸೋಮಾರಿತನ. ಅದು ನಿಜವೂ ಅಲ್ಲ. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಬಾಂಬು ಸಿಡಿದ ಜಾಗದ ನೇರ ಕೆಳಗಿನಿಂದ ಕೇವಲ 170 ಮೀಟರ್ ದೂರದ ಕಾಂಕ್ರೀಟ್ ಕಟ್ಟಡವೊಂದರ ನೆಲಮಾಳಿಗೆಗೆ ಏಜೋ ನೊಮುರಾ ಎಂಬ ನೌಕರ ಕಾಗದಪತ್ರ ತರಲು ಇಳಿದಿದ್ದ. ಆ ವರ್ಷದ ಕೊನೆಯ ಹೊತ್ತಿಗೆ ಆ ನಗರದಲ್ಲಿ ಸುಮಾರು 1,40,000 ಜನ ಸತ್ತರು. ನೊಮುರಾ 1982ರವರೆಗೆ ಬದುಕಿದ. ಇದನ್ನು ಪವಾಡವೆಂದು ಹೇಳುತ್ತಿಲ್ಲ. ತಲೆಯ ಮೇಲೆ ಏನಿತ್ತು ಎಂಬುದು ಸಾವು ಬದುಕನ್ನು ನಿರ್ಧರಿಸುತ್ತದೆ ಎಂದಷ್ಟೇ ಹೇಳುತ್ತಿದ್ದೇವೆ.

ಇನ್ನು, ನಮ್ಮೂರಿನ ಮೇಲೆ ಯಾರು ಬಾಂಬು ಹಾಕುತ್ತಾರೆ ಎನ್ನುವವರಿದ್ದಾರೆ. ಯಾರೂ ಹಾಕಲಿಕ್ಕಿಲ್ಲ. ಕಬ್ಬು, ಅರಿಷಿಣ, ಸೀರೆಗಳ ಮೇಲೆ ಯಾರೂ ಬಾಂಬು ದಂಡ ಮಾಡುವುದಿಲ್ಲ. ಆದರೆ ದಂಡಿನ ಊರಾದ ಬೆಳಗಾವಿ ಇಲ್ಲಿಂದ ನೇರ ದೂರದಲ್ಲಿ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಕೈಗಾ ಅಣುಸ್ಥಾವರ ಮತ್ತು ಕಾರವಾರದ ನೌಕಾನೆಲೆ ಸುಮಾರು ಇನ್ನೂರು ಕಿಲೋಮೀಟರ್. ಬಾಂಬು ಆಕಾಶದ ಎತ್ತರದಲ್ಲಿ ಸಿಡಿದರೆ ಒಂದು ಬಗೆ, ನೆಲಕ್ಕೆ ತಾಗಿ ಸಿಡಿದರೆ ಇನ್ನೊಂದು ಬಗೆ. ನೆಲಕ್ಕೆ ತಾಗಿದಾಗ ಸಾವಿರಾರು ಟನ್ ಮಣ್ಣು, ಕಲ್ಲು, ಕಾಂಕ್ರೀಟ್ ಕರಗಿ ಆವಿಯಾಗಿ ಮೇಲೇರುತ್ತದೆ. ಬಾಂಬಿನ ವಿಕಿರಣ ವಸ್ತು ಅದಕ್ಕೆ ಅಂಟಿಕೊಂಡು, ಗಾಳಿಯ ಜೊತೆ ಹೋಗಿ, ಗಂಟೆಗಳ ಮೇಲೆ ಬೇರೊಂದು ಊರಿನ ಮೇಲೆ ಬೂದಿಯಂತೆ ಉದುರುತ್ತದೆ. ಇದೇ ವಿಕಿರಣ ಧೂಳು.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬೊಂದನ್ನು ಪರೀಕ್ಷಿಸಿತು. ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದ ರೊಂಗೆಲಾಪ್ ದ್ವೀಪದಲ್ಲಿ ಕೆಲವು ಗಂಟೆಗಳ ನಂತರ ಬಿಳಿಯ ಪುಡಿ ಬಿತ್ತು. ಮಕ್ಕಳು ಅದರಲ್ಲಿ ಆಡಿದರು. ಅದೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ದಿನ ಕಳೆದ ಮೇಲೆ ಅವರನ್ನು ಸಾಗಿಸಿದರು, ಅಷ್ಟರಲ್ಲಿ ಚರ್ಮ ಸುಡತೊಡಗಿತ್ತು. ಅದೇ ಧೂಳು ಜಪಾನಿನ ‘ಲಕ್ಕಿ ಡ್ರ್ಯಾಗನ್’ ಎಂಬ ಮೀನುಗಾರಿಕೆಯ ದೋಣಿಯ ಮೇಲೂ ಬಿತ್ತು. ಇಪ್ಪತ್ಮೂರು ಜನರಲ್ಲಿ ಒಬ್ಬರು ಅದೇ ಸೆಪ್ಟೆಂಬರಿನಲ್ಲಿ ಸತ್ತರು. ರೊಂಗೆಲಾಪಿನವರೂ ಯಾರ ಗುರಿಯಾಗಿರಲಿಲ್ಲ.

ಈ ಧೂಳಿಗೆ ಒಂದು ಗುಣವಿದೆ. ಅದು ಮೊದಲ ಗಂಟೆಗಳಲ್ಲಿ ಅತಿ ಕ್ರೂರಿ, ಆಮೇಲೆ ಬೇಗ ಬೇಗ ಸೊರಗುತ್ತದೆ. ಸಮಯ ಏಳು ಪಟ್ಟಾದಾಗ ಅದರ ತೀವ್ರತೆ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆಂಬುದು ಒರಟು ಲೆಕ್ಕ. ಸಿಡಿದ ಒಂದು ಗಂಟೆಗೆ ಸಾವಿರವಿದ್ದದ್ದು ಏಳು ಗಂಟೆಗೆ ನೂರು, ಎರಡು ದಿನಕ್ಕೆ ಹತ್ತು, ಎರಡು ವಾರಕ್ಕೆ ಒಂದು. ಹಾಗಾದರೆ ಬದುಕುವ ದಾರಿ ಓಡುವುದಲ್ಲ, ಕೂಡುವುದು. ಮುದುಕ ‘ಎಲ್ಲಿ ಓಡೂದು’ ಎನ್ನಲಿಲ್ಲ, ‘ಎಲ್ಲಿ ಕುಂದರೂದು’ ಅಂದ. ಪರಿಣತರು ಎಷ್ಟೋ ಪುಟಗಳಲ್ಲಿ ಹೇಳುವುದನ್ನು ಅವನು ಒಂದು ಮಾತಿನಲ್ಲಿ ಕೇಳಿದ್ದ.

ಕೂಡುವುದಕ್ಕೆ ಬೇಕಾದದ್ದು ತೂಕದ ಗೋಡೆ. ಬಡಿದು ಗಟ್ಟಿ ಮಾಡಿದ ಮಣ್ಣು ಸುಮಾರು ಒಂಬತ್ತು ಸೆಂಟಿಮೀಟರ್ ದಪ್ಪವಿದ್ದರೆ ಈ ಧೂಳಿನ ಕಿರಣ ಅರ್ಧಕ್ಕೆ ಇಳಿಯುತ್ತದೆ, ಕಾಂಕ್ರೀಟಾದರೆ ಆರು ಸೆಂಟಿಮೀಟರ್ ಸಾಕು. ಒಂದಡಿ ಮಣ್ಣು ಹತ್ತನೆಯ ಒಂದು ಪಾಲಿಗೆ, ಎರಡಡಿ ಮಣ್ಣು ಸುಮಾರು ನೂರನೆಯ ಒಂದು ಪಾಲಿಗೆ ಇಳಿಸುತ್ತದೆ. ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೆನೆಯಿರಿ. ಎರಡಡಿ ಮಣ್ಣಿನ ಗೋಡೆ, ಜಂತಿಯ ಮೇಲೆ ಗೇಣುಗಟ್ಟಲೆ ಮಣ್ಣು, ಸಣ್ಣ ಕಿಟಕಿ, ನಡುವೆ ಕತ್ತಲೆಯ ಕೋಣೆ. ಬಿಸಿಲಿಗಾಗಿ ಕಟ್ಟಿದ್ದು, ಬಾಂಬಿಗೂ ಆಗುತ್ತಿತ್ತು. ಕಾಳು ತುಂಬಿಡುವ ಹಗೇವಿನಲ್ಲಿ ಅಡಗಬಹುದಲ್ಲ ಎಂದು ಯಾರಾದರೂ ಹೇಳಬಹುದು. ಬೇಡ. ಬಹಳ ದಿನ ಮುಚ್ಚಿದ ಹಗೇವಿಗೆ ಇಳಿದವರು ಉಸಿರುಗಟ್ಟಿ ಸಾಯುತ್ತಾರೆಂದು ನಮ್ಮ ಹಿರಿಯರು ಬಲ್ಲರು. ಗಾಳಿಯಿಲ್ಲದ ರಕ್ಷಣೆ ಗೋರಿಯೇ.

ಈಗ ಎಣಿಸೋಣ, ಈ ನಾಲ್ಕು ತಾಲೂಕುಗಳಲ್ಲಿ ಅಂಥ ಮನೆಯಲ್ಲಿ ಯಾರಿದ್ದಾರೆ? ರಬಕವಿ-ಬನಹಟ್ಟಿಯಲ್ಲಿ ಬಾಡಿಗೆ ಮಗ್ಗದ ಕೂಲಿಕಾರ ತಗಡಿನ ಸೂರಿನ ಕೆಳಗೆ ಪಾವರ್‌ಲೂಮಿನ ಸದ್ದಿನಲ್ಲಿದ್ದಾನೆ. ಬೀಳಗಿಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಮಣ್ಣಿನ ಮನೆ, ಮಣ್ಣು ಎರಡನ್ನೂ ಕೊಟ್ಟವರು ಪುನರ್ವಸತಿ ಕೇಂದ್ರದಲ್ಲಿದ್ದಾರೆ. 2019ರ ಆಗಸ್ಟ್ ನೆರೆಯಲ್ಲಿ ಕೃಷ್ಣೆ, ಘಟಪ್ರಭೆಗಳು ಕೆಡವಿದ ಗೋಡೆಗಳ ಜಾಗದಲ್ಲಿ ಎಷ್ಟೋ ಕಡೆ ಎದ್ದದ್ದು ತಗಡು. ಮುಧೋಳ, ಜಮಖಂಡಿಯ ಹೊಲಗಳಲ್ಲಿ ಹಂಗಾಮು ಬಂದರೆ ಮಹಾರಾಷ್ಟ್ರದಿಂದ, ತಾಂಡಾಗಳಿಂದ ಬರುವ ಕಬ್ಬು ಕಡಿಯುವ ಗ್ಯಾಂಗಿನವರು ರವದಿ ಹೊದಿಸಿದ ಗುಡಿಸಲಲ್ಲಿ ಹಸುಗೂಸುಗಳೊಂದಿಗೆ ಮಲಗುತ್ತಾರೆ. ತಗಡಿಗೂ ರವದಿಗೂ ಈ ಕಿರಣ ಲೆಕ್ಕವೇ ಇಡುವುದಿಲ್ಲ. ಐದಿಂಚಿನ ಸ್ಲ್ಯಾಬಿನ ಮನೆಯವನಿಗೆ ಮೇಲಿನಿಂದ ನಾಲ್ಕನೆಯ ಒಂದು ಪಾಲು, ಗುಡಿಸಲಿನವನಿಗೆ ಹೆಚ್ಚುಕಡಿಮೆ ಪೂರ್ತಿ. ಬಾಂಬು ಎಲ್ಲರಿಗೂ ಒಂದೇ ಎನ್ನುತ್ತಾರಲ್ಲ, ಅದು ಸುಳ್ಳು. ಬಾಂಬಿನಲ್ಲೂ ಬಡವ ಬೇರೆ.

ಸ್ವಿಟ್ಜರ್ಲೆಂಡ್ ಎಂಬ ಸಣ್ಣ ದೇಶ ಯಾರ ಯುದ್ಧಕ್ಕೂ ಹೋಗುವುದಿಲ್ಲ. ಅದರ ಬಳಿ ಅಣುಬಾಂಬೂ ಇಲ್ಲ. ಆದರೂ 1963ರಲ್ಲಿ ಕಾನೂನು ಮಾಡಿ, ಪ್ರತಿ ನಿವಾಸಿಗೂ ನೆಲಮಾಳಿಗೆಯ ಆಸರೆ ಕಲ್ಪಿಸುವ ಕೆಲಸ ಹಿಡಿಯಿತು. ಬಾಂಬಿಲ್ಲದ ದೇಶಕ್ಕೆ ನೆಲಮಾಳಿಗೆಯಿದೆ, ಬಾಂಬಿರುವ ನಮಗೆ ತಗಡಿದೆ. 1998ರ ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ನಾವು ಸಿಡಿಸಿದೆವು. ಅದೇ 28 ಮತ್ತು 30ರಂದು ಪಾಕಿಸ್ತಾನ ಸಿಡಿಸಿತು. ಆಗ ನಾವು ಕಾಲೇಜು ಹುಡುಗರು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದವರಾದ್ದರಿಂದ ಎರಡೂ ಭಾಷೆಯ ಪತ್ರಿಕೆ ಓದುತ್ತಿದ್ದೆವು. ಎರಡರಲ್ಲೂ ಬಾಂಬಿನ ಶಕ್ತಿಯ ವರ್ಣನೆಯಿತ್ತು. ಅಂಥದು ಬಿದ್ದ ದಿನ ಮನೆಯಲ್ಲಿ ತಾಯಿ ಏನು ಮಾಡಬೇಕು ಎಂಬ ಒಂದು ಸಾಲನ್ನು ಎರಡರಲ್ಲೂ ಓದಿದ ನೆನಪಿಲ್ಲ.

ನಮ್ಮ ಕಡೆ ಕಾನೂನೇ ಇಲ್ಲವೆಂದಲ್ಲ. 1968ರಲ್ಲೇ ನಾಗರಿಕ ರಕ್ಷಣಾ ಕಾಯ್ದೆ ಬಂದಿದೆ. 2009ರ ತಿದ್ದುಪಡಿಯಿಂದ ಅದು ಯುದ್ಧಕ್ಕಷ್ಟೇ ಅಲ್ಲ, ನೆರೆ, ಬೆಂಕಿ, ಸ್ಫೋಟಗಳಂಥ ವಿಪತ್ತುಗಳಿಗೂ ಅನ್ವಯಿಸುತ್ತದೆ. ಅಣು ಮತ್ತು ವಿಕಿರಣ ವಿಪತ್ತಿನ ನಿರ್ವಹಣೆಗೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲಿ ಮಾರ್ಗಸೂಚಿಯನ್ನೂ ತಂದಿದೆ. ಆದರೆ 2025ರ ಆ ಅಣಕು ಕಾರ್ಯಾಚರಣೆಯ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಬೆಂಗಳೂರು, ರಾಯಚೂರು, ಕಾರವಾರದ ಕಡೆಯ ಹೆಸರಿತ್ತು, ಬಾಗಲಕೋಟೆ ಜಿಲ್ಲೆ ಇರಲಿಲ್ಲ. ಸ್ಥಾವರ, ರಾಜಧಾನಿಗಳಿರುವಲ್ಲಿ ಮೊದಲು ಕಲಿಸುವುದು ಸರಿಯೇ. ಆದರೆ ಗಾಳಿಗೆ ಪಟ್ಟಿ ಗೊತ್ತಿಲ್ಲ. ಕೈಗಾದ ಸುತ್ತ ತುರ್ತು ಯೋಜನೆಯ ವಲಯವೆಂದು ಗುರುತಿಸಿರುವುದು 16 ಕಿಲೋಮೀಟರ್. ಅದರಾಚೆಯವರು ಟಿ.ವಿ. ನೋಡಿ ಚಪ್ಪಾಳೆ ತಟ್ಟುವುದಷ್ಟೇ ನಾಗರಿಕ ರಕ್ಷಣೆಯೇ?

ಇಲ್ಲಿ ನಮ್ಮ ಸ್ನೇಹಿತರದೇ ಒಂದು ಆಕ್ಷೇಪವಿದೆ. ಶಾಂತಿಯ ಪರವಾಗಿ ಮಾತಾಡುವವರು ಹೇಳುತ್ತಾರೆ: ಬಾಂಬಿನಿಂದ ಉಳಿಯುವ ಉಪಾಯ ಕಲಿಸಿದರೆ ಬಾಂಬನ್ನು ಒಪ್ಪಿಕೊಂಡಂತೆ, ಜನ ಯುದ್ಧವನ್ನು ಹಗುರವಾಗಿ ಕಾಣುತ್ತಾರೆ. ಈ ವಾದ ಹೊಸದಲ್ಲ. 1980ರಲ್ಲಿ ಬ್ರಿಟಿಷ್ ಸರ್ಕಾರ ‘ರಕ್ಷಿಸಿಕೊಳ್ಳಿ, ಉಳಿಯಿರಿ’ ಎಂಬ ಅರ್ಥದ ಕಿರುಪುಸ್ತಕ ತಂದಾಗ ಇತಿಹಾಸಕಾರ ಇ.ಪಿ. ಥಾಮ್ಸನ್ ‘ಪ್ರತಿಭಟಿಸಿ, ಉಳಿಯಿರಿ’ ಎಂಬ ಅರ್ಥದ ತಲೆಬರಹ ಕೊಟ್ಟು ಉತ್ತರ ಬರೆದರು. ಥಾಮ್ಸನ್ನರ ಸಿಟ್ಟಿಗೆ ನಮ್ಮ ಗೌರವವಿದೆ. ಆದರೆ ಅವರ ಜನರ ಕೈಯಲ್ಲಿ ಹರಿದೆಸೆಯಲಿಕ್ಕೆ ಒಂದು ಪುಸ್ತಕವಾದರೂ ಇತ್ತು. ನಮ್ಮ ಕೈಯಲ್ಲಿ ಏನಿದೆ?

ಗೊತ್ತಿಲ್ಲದಿರುವುದು ಶಾಂತಿಯಲ್ಲ. 1984ರ ಡಿಸೆಂಬರಿನ ಆ ರಾತ್ರಿ ಭೋಪಾಲದಲ್ಲಿ ಜನ ವಿಷದ ಗಾಳಿಯೊಳಗೇ ಓಡಿದರು. ಓಡಿದಷ್ಟೂ ಉಸಿರು ಹೆಚ್ಚಿತು, ವಿಷ ಒಳಹೋಯಿತು. ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಹಿಡಿಯಿರಿ ಎಂಬ ಒಂದು ಮಾತನ್ನು ಸುತ್ತಲಿನ ಗುಡಿಸಲುಗಳಿಗೆ ಯಾರೂ ಮೊದಲೇ ಕಲಿಸಿರಲಿಲ್ಲ. 1986ರ ಏಪ್ರಿಲಿನಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದಾಗ ಪೋಲೆಂಡ್ ಕೆಲವೇ ದಿನಗಳಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ಅಯೋಡಿನ್ ಕುಡಿಸಿತು. ಸ್ಥಾವರವಿದ್ದ ಸೋವಿಯತ್ ನಾಡಿನ ಹಳ್ಳಿಗಳಲ್ಲಿ ಮಕ್ಕಳು ಕಲುಷಿತ ಹಾಲು ಕುಡಿಯುತ್ತಲೇ ಇದ್ದರು. ಮುಂದೆ ಅವರಲ್ಲಿ ಸಾವಿರಾರು ಜನರಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಎರಡು ಕಡೆಯ ಮಕ್ಕಳ ನಡುವಿನ ವ್ಯತ್ಯಾಸ ಒಂದು ಎಚ್ಚರಿಕೆಯ ಮಾತು ಮತ್ತು ಒಂದು ಗುಟುಕು ಔಷಧಿ.

ಹಾಗಾದರೆ ಮುದುಕನಿಗೆ ಉತ್ತರ ಇದು. ಕಣ್ಣು ಕುಕ್ಕುವ ಬೆಳಕು ಕಂಡರೆ ನೆಲಕ್ಕೆ ಬೀಳು, ಕಿಟಕಿಯತ್ತ ಹೋಗಬೇಡ. ಧೂಳು ಬೀಳುವ ಮೊದಲು ಓಣಿಯಲ್ಲಿ ಯಾರದು ದಪ್ಪ ಗೋಡೆಯ ಮನೆಯೋ ಅದರ ನಡುಕೋಣೆ ಸೇರು. ಹೊರಗಿದ್ದು ಬಂದಿದ್ದರೆ ಮೇಲಿನ ಬಟ್ಟೆ ಕಳಚಿ ಬಾಗಿಲಾಚೆ ಬಿಡು, ಮೈ ತಲೆ ತೊಳೆ, ಹೆಚ್ಚಿನ ಧೂಳು ಅಲ್ಲೇ ಹೋಗುತ್ತದೆ. ಕನಿಷ್ಠ ಒಂದು ದಿನ ಹೊರಬರಬೇಡ, ಸಾಧ್ಯವಾದರೆ ಎರಡು ದಿನ. ಆಮೇಲೂ ಅಗತ್ಯವಿದ್ದಷ್ಟೇ ಹೊರಗೆ. ಮುಚ್ಚಿದ ಕೊಡದ ನೀರು ಕುಡಿ, ಕೊಳವೆಬಾವಿಯ ನೀರು ಆದೀತು, ತೆರೆದ ಕೆರೆ ಹೊಳೆಯದು ಬೇಡ. ಕಣಜದೊಳಗಿನ ಜೋಳ ಕೆಡುವುದಿಲ್ಲ. ಹೊರಗೆ ಮೇಯ್ದ ಎಮ್ಮೆಯ ಹಾಲನ್ನು ಮಕ್ಕಳಿಗೆ ಕೊಡಬೇಡ. ಬಣವಿಯ ಮೇಲಿನ ಪದರು ತೆಗೆದು ಒಳಗಿನ ಮೇವು ಹಾಕು. ಅಯೋಡಿನ್ ಗುಳಿಗೆಯನ್ನು ಡಾಕ್ಟರು ಹೇಳಿದರೆ ಮಾತ್ರ ನುಂಗು. ಅದು ಕಾಯುವುದು ಥೈರಾಯ್ಡನ್ನು ಮಾತ್ರ, ಅಯೋಡಿನ್ ಉಪ್ಪು ತಿಂದರೆ ಅದರ ಕೆಲಸವಾಗುವುದಿಲ್ಲ. ಮೊಬೈಲ್ ಸತ್ತಿರಬಹುದು, ಸೆಲ್ಲಿನ ರೇಡಿಯೋ ಒಂದಿರಲಿ. ಇಷ್ಟನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು.

ಬಾಂಬು ಬೀಳದಿರಲಿ, ಬೀಳುವುದೂ ಬೇಡ. ಆದರೂ ಈ ಕಲಿಕೆ ದಂಡವಲ್ಲ. 2010ರ ಏಪ್ರಿಲಿನಲ್ಲಿ ದಿಲ್ಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯವೊಂದರ ಹಳೆಯ ಯಂತ್ರ ಬಂತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತುವಿತ್ತು. ಬಿಚ್ಚಿದವರಿಗೆ ಗೊತ್ತಿರಲಿಲ್ಲ. ಒಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. ನಮ್ಮ ಊರುಗಳಲ್ಲಿ ಗುಜರಿಯ ಗಾಡಿ ತಳ್ಳುವವರಲ್ಲಿ, ಸುತ್ತಿಗೆ ಹಿಡಿದು ಕಬ್ಬಿಣ ಒಡೆಯುವ ಹುಡುಗರಲ್ಲಿ ಬಹಳ ಮಂದಿ ನಮ್ಮ ಓಣಿಯವರೇ. ಹಳದಿಯ ಮೇಲೆ ಮೂರು ರೆಕ್ಕೆಯ ಆ ಕಪ್ಪು ಗುರುತನ್ನು ಕಂಡರೆ ಕೈಬಿಡು ಎಂದು ಅವರಿಗೆ ಯಾರು ಹೇಳಿದ್ದಾರೆ? 2018ರ ಡಿಸೆಂಬರಿನಲ್ಲಿ ಮುಧೋಳ ತಾಲೂಕಿನ ಸಕ್ಕರೆ ಕಾರ್ಖಾನೆಯೊಂದರಲ್ಲಿ ಆದ ಸ್ಫೋಟಕ್ಕೆ ನಾಲ್ವರು ಸತ್ತರು. ಯಾರು ಎಲ್ಲಿ ಕೂಡಬೇಕು, ಯಾರು ಯಾರನ್ನು ಕರೆಯಬೇಕು ಎಂದು ಮೊದಲೇ ಗೊತ್ತಿರುವ ಊರು ನೆರೆಯಲ್ಲೂ ಬೆಂಕಿಯಲ್ಲೂ ಕಡಿಮೆ ಸಾಯುತ್ತದೆ.

‘ಎಲ್ಲಾ ತಕ್ದೀರ್’ ಎಂದು ಕೈ ತೊಳೆದುಕೊಳ್ಳುವ ನಮ್ಮವರಿಗೂ ಒಂದು ಮಾತು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭಾರ ಹಾಕು ಎಂದ ಪ್ರವಾದಿಯ ಉಮ್ಮತ್ ನಾವು. ಕಟ್ಟದ ಒಂಟೆ ಓಡಿಹೋದ ಮೇಲೆ ತಕ್ದೀರನ್ನು ದೂರುವುದು ಈಮಾನಲ್ಲ.

ಸರ್ಕಾರ ಮಾಡಲಿ ಎಂದು ಕಾಯುವ ಸ್ವಭಾವವೂ ನಮ್ಮ ಸೀಮೆಯದಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ರೈತರೇ ದುಡ್ಡು ಕೂಡಿಸಿ, ಮೈ ಮುರಿದು ಬ್ಯಾರೇಜು ಕಟ್ಟಿದರು. ಸಿದ್ದು ನ್ಯಾಮಗೌಡರು ಮುಂದೆ ನಿಂತರು, ‘ಶ್ರಮಬಿಂದು ಸಾಗರ’ ಎಂಬ ಹೆಸರಾಯಿತು. ಹೊಳೆಗೆ ಅಡ್ಡ ಗೋಡೆ ಕಟ್ಟಿದವರಿಗೆ ಓಣಿಯ ಗೋಡೆಗಳ ಪಟ್ಟಿ ಬರೆಯುವುದು ಕಷ್ಟವೇ? ಪ್ರತಿ ಓಣಿಯಲ್ಲಿ ದಪ್ಪ ಗೋಡೆಯ ಕಟ್ಟಡ ಯಾವುದು, ಅಲ್ಲಿ ಎಷ್ಟು ಜನ ಕೂಡಬಹುದು, ನೀರೆಷ್ಟು ಎಂದು ಬರೆಯೋಣ. ಅದರಲ್ಲಿ ವಾಡೆ, ಗುಡಿ, ಮಠ, ಮಸೀದಿ, ಶಾಲೆ, ಕಾರ್ಖಾನೆಯ ಗೋದಾಮು ಎಲ್ಲ ಇರಲಿ. ಕಬ್ಬಿನ ಗ್ಯಾಂಗಿನವರ ಹೆಸರೂ ಇರಲಿ, ಅವರಿಗೆ ಕೂಡುವ ಜಾಗವನ್ನು ಕಾರ್ಖಾನೆಯವರು ತೋರಿಸಲಿ. ಸಕ್ಕರೆ ಕಾರ್ಖಾನೆಯ ಭೋಂಗಾ ಇಡೀ ಸೀಮೆಗೆ ಕೇಳಿಸುತ್ತದೆ, ಅಪಾಯಕ್ಕೆ ಒಂದು ಬಗೆ, ಮುಗಿದದ್ದಕ್ಕೆ ಇನ್ನೊಂದು ಬಗೆ ಗೊತ್ತು ಮಾಡೋಣ. ಮಸೀದಿಯ ಮೈಕು, ಗುಡಿಯ ಮೈಕು ಅಂದು ಒಂದೇ ಮಾತು ಹೇಳಲಿ. ತಾಲೂಕಿಗೊಂದು ವಿಕಿರಣ ಅಳೆಯುವ ಉಪಕರಣ, ಅದನ್ನು ಓದಬಲ್ಲ ನಾಲ್ಕು ಜನ, ವರ್ಷಕ್ಕೊಮ್ಮೆ ತಾಲೀಮು. ಇದನ್ನು ಕೇಳಲು 1968ರ ಕಾಯ್ದೆಯೇ ಸಾಕು. ಆ ಸ್ವಯಂಸೇವಕರ ಪಟ್ಟಿಯಲ್ಲಿ ನಮ್ಮ ಹುಡುಗರ ಹೆಸರು ಮೊದಲ ಪುಟದಲ್ಲೇ ಇರಬೇಕು. ನಿಷ್ಠೆಯ ಪರೀಕ್ಷೆಗಾಗಿ ಅಲ್ಲ, ಓಣಿ ನಮ್ಮದೂ ಆದ್ದರಿಂದ.

ಒಂದನ್ನು ಮುಚ್ಚಿಡಬಾರದು. ಬಾಂಬು ಬಿದ್ದಲ್ಲೇ ಇರುವವನನ್ನು ಮಣ್ಣಿನ ಗೋಡೆ ಉಳಿಸುವುದಿಲ್ಲ. ದೂರದಲ್ಲಿ ಉಳಿದವನೂ ಗೆದ್ದವನಲ್ಲ. ಎರಡು ವಾರದ ನಂತರ ಬಾಗಿಲು ತೆರೆದರೆ ಅಂಗಳದಲ್ಲಿ ಎಮ್ಮೆ ಸತ್ತಿರುತ್ತದೆ. ಸೀಸಿಯಂ, ಸ್ಟ್ರಾನ್ಷಿಯಂ ಎಂಬ ವಿಷಗಳು ಅರ್ಧವಾಗಲಿಕ್ಕೇ ಸುಮಾರು ಮೂವತ್ತು ವರ್ಷ ಬೇಕು. ಅಷ್ಟು ವರ್ಷ ಕಬ್ಬಿನ ಹೊಲದ ಮಣ್ಣನ್ನು ಅನುಮಾನದಿಂದಲೇ ಮುಟ್ಟಬೇಕು. ರೊಂಗೆಲಾಪಿನವರು 1957ರಲ್ಲಿ ಊರಿಗೆ ಮರಳಿದರು, 1985ರಲ್ಲಿ ಮತ್ತೆ ಊರು ಬಿಟ್ಟರು.

ಅದಕ್ಕಾಗಿಯೇ ಇದನ್ನು ಕಲಿಸಬೇಕು ಎನ್ನುತ್ತೇವೆ. ಹೆಂಡತಿ ಮಕ್ಕಳೊಂದಿಗೆ ಒಂದು ಕತ್ತಲೆ ಕೋಣೆಯಲ್ಲಿ ಎರಡು ವಾರ ಕೂಡಲು ಎಷ್ಟು ಕೊಡ ನೀರು ಬೇಕು, ಮುದಿ ತಾಯಿಯ ಔಷಧಿ ಎಷ್ಟು ಬೇಕು, ಬಾಗಿಲು ಬಡಿಯುವ ಗುಡಿಸಲಿನವರಲ್ಲಿ ಎಷ್ಟು ಜನರನ್ನು ಒಳಗೆ ಬಿಡಬೇಕು ಎಂದು ಒಮ್ಮೆ ಕೂತು ಲೆಕ್ಕ ಹಾಕಿದವನ ಬಾಯಿಂದ ‘ಒಂದ್ ಒಗದು ಬಿಡಬೇಕು’ ಎಂಬ ಮಾತು ಸುಲಭವಾಗಿ ಹೊರಡುವುದಿಲ್ಲ. ನಾಗರಿಕ ರಕ್ಷಣೆ ಕಲಿತ ಊರು ಯುದ್ಧಕ್ಕೆ ಹಂಬಲಿಸುವುದಿಲ್ಲ. ಹಂಬಲಿಸುವುದು ಏನೂ ಲೆಕ್ಕ ಹಾಕದ ಊರು.

ನಾವು ನಮ್ಮ ಓಣಿಯ ಎಣಿಕೆ ಶುರು ಮಾಡಿದ್ದೇವೆ. ಎರಡಡಿ ಗೋಡೆಯ ಮನೆಗಳನ್ನು ಎಣಿಸಲು ಈವರೆಗೆ ಒಂದು ಕೈಯ ಬೆರಳು ಸಾಕಾಗಿವೆ. ಆ ಚಹಾದಂಗಡಿಯ ತರುಣನೂ ಅವನ ಓಣಿಯದನ್ನು ಎಣಿಸಿಕೊಂಡು ಬರಲಿ, ಎರಡೂ ಪಟ್ಟಿ ಮುಂದಿಟ್ಟುಕೊಂಡು ಮಾತಾಡೋಣ. ಚಹಾದ ದುಡ್ಡು ನಮ್ಮದು.